ಮೀಡಿಯಂ ಅಂತ ಬರೆದವಳು

ಆರ್.ಟಿ. ನಗರದ ನಿಶಾತ್ ಎಂಜಿನಿಯರಿಂಗ್ ಓದಿದವಳಲ್ಲ. ಡಿಪ್ಲೊಮಾ ಮುಗಿಸಿ ಒಂದು ನರ್ಸಿಂಗ್ ಹೋಮಿನಲ್ಲಿ ಡಿಸ್ಚಾರ್ಜ್ ಸಮ್ಮರಿ ಟೈಪ್ ಮಾಡಲು ಸೇರಿದ್ದಳು. ಅಲ್ಲಿ ಕಂಪ್ಯೂಟರ್ ಕೆಟ್ಟಾಗಲೆಲ್ಲ ಸರಿಮಾಡಲು ಬಂದವರ ಪಕ್ಕ ನಿಂತು ನೋಡಿ ನೋಡಿಯೇ ಕೆಲಸ ಕಲಿತಳು. ಈಗ ಅವಳಿಗೆ ಮೂವತ್ತೆಂಟು. ಹನ್ನೊಂದು ವರ್ಷದಿಂದ ಹೆಬ್ಬಾಳದ ಒಂದು ಸಣ್ಣ ಕಂಪನಿಯಲ್ಲಿದ್ದಾಳೆ. ಡಯಾಲಿಸಿಸ್ ಕೇಂದ್ರಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ ಅದು. ಯಾವ ರೋಗಿ ಯಾವ ದಿನ ಬರಬೇಕು, ಯಾರಿಗೆ ಯಾವ ಮಿಷನ್, ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಎಲ್ಲ ಅದರೊಳಗೇ. ಆ ಸಾಫ್ಟ್‌ವೇರ್ ಬರೆದವರೆಲ್ಲ ಕಂಪನಿ ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಅದನ್ನು ಸಾಕುತ್ತಿದ್ದವಳು ನಿಶಾತ್.

ಸರ್ವರ್ ತಾನು ಮಾಡಿದ ಕೆಲಸವನ್ನೆಲ್ಲ ತಾನೇ ಬರೆದಿಡುತ್ತದಲ್ಲ, ಆ ದಿನಚರಿಗೆ ಲಾಗ್ ಅನ್ನುತ್ತಾರೆ. ಅದನ್ನು ಬರೆಯುವ ಭಾಗ ಇವರದಲ್ಲ. ಹೊರಗಿನವರು ಯಾರೋ ಮಾಡಿ ಪುಕ್ಕಟೆ ಕೊಟ್ಟ ಸಿದ್ಧ ಕೋಡು, ‘ಲೈಬ್ರರಿ’ ಅನ್ನುವಂಥದ್ದು, ಲೋಕದಲ್ಲಿ ಎಷ್ಟೋ ಕಂಪನಿಗಳು ಬಳಸುವಂಥದ್ದು. ಒಂದು ಶುಕ್ರವಾರ ಮಧ್ಯಾಹ್ನ ಆ ಲೈಬ್ರರಿ ಮಾಡಿದವರಿಂದಲೇ ಎಚ್ಚರಿಕೆ ಬಂತು. ಲಾಗಿನ್ ಪುಟದಲ್ಲಿ ಹೆಸರು ಹಾಕುವ ಕಡೆ, ತನ್ನನ್ನೇ ತಾನು ಮತ್ತೆ ಮತ್ತೆ ಕರೆಯುವಂಥ ಒಂದು ಸಾಲನ್ನು ಯಾರಾದರೂ ಹಾಕಿದರೆ, ಲಾಗ್ ಬರೆಯುವ ಭಾಗ ಅದರ ಅರ್ಥ ಹುಡುಕುತ್ತಾ ಸುತ್ತುತ್ತಲೇ ಇರುತ್ತದೆ. ಕೊನೆಗೆ ಸರ್ವರ್ ನಿಂತುಹೋಗುತ್ತದೆ. ಹೊಸ ಆವೃತ್ತಿ ಬಂದಿದೆ, ಬೇಗ ಹಾಕಿಕೊಳ್ಳಿ ಎಂದಿತ್ತು.

ನಿಶಾತ್ ಎದ್ದು ಮ್ಯಾನೇಜರ್ ಕಾಶಿನಾಥನ ಬಳಿ ಹೋದಳು.

“ಡೇಟಾ ಏನಾದ್ರೂ ಕದಿಯೋಕಾಗುತ್ತಾ?” ಕಾಶಿನಾಥ ಕೇಳಿದ.

“ಇಲ್ಲ ಸರ್. ಆದ್ರೆ ನಿಲ್ಲಿಸ್ಬಹುದು.”

“ನಿಂತ್ರೆ ರೀಸ್ಟಾರ್ಟ್ ಮಾಡಿದ್ರಾಯ್ತು. ಸೋಮವಾರ ಹನ್ನೊಂದಕ್ಕೆ ಹೊಸ ಆಸ್ಪತ್ರೆಯವ್ರಿಗೆ ಡೆಮೊ ಇದೆ ನಿಶಾತ್. ಅಲ್ಲೀತನಕ ಏನೂ ಮುಟ್ಟಬೇಡಿ.”

ಅವಳು ವಾದಿಸಲಿಲ್ಲ. ಸೀಟಿಗೆ ಬಂದು ಕೆಲಸದ ಪಟ್ಟಿಯಲ್ಲಿ ಅದನ್ನು ಸೇರಿಸಿದಳು. ಎಷ್ಟು ಗಂಭೀರ ಎಂದು ಕೇಳುವ ಕಡೆ ‘ಹೈ’ ಎಂದು ಹಾಕಿದರೆ ವಿಷಯ ನೇರ ಮೇಲಿನವರಿಗೆ ಹೋಗುತ್ತಿತ್ತು, ಕಾಶಿನಾಥ ಮುಖ ಗಂಟಿಕ್ಕುತ್ತಿದ್ದ. ಅವಳು ‘ಮೀಡಿಯಂ’ ಎಂದು ಹಾಕಿದಳು. ಹಾಗೆ ಹಾಕುವಾಗ ಬೆರಳು ಒಂದು ಗಳಿಗೆ ತಡೆದದ್ದು ಅವಳಿಗೆ ಇವತ್ತಿಗೂ ನೆನಪಿದೆ.

ಸೋಮವಾರ ಬೆಳಿಗ್ಗೆ ಆರೂವರೆಗೆ ಮತ್ತಿಕೆರೆಯ ಕೇಂದ್ರದಿಂದ ಟೆಕ್ನಿಷಿಯನ್ ವನಿತಾ ಫೋನ್ ಮಾಡಿದಳು.

“ಮೇಡಂ, ಒಬ್ರದ್ದೂ ಚಾರ್ಟ್ ಓಪನ್ ಆಗ್ತಿಲ್ಲ. ಹನ್ನೆರಡು ಜನ ಬಂದು ಕೂತಿದಾರೆ.”

ನಿಶಾತ್ ಅಡುಗೆಮನೆಯ ಕಟ್ಟೆಯ ಮೇಲೇ ಲ್ಯಾಪ್‌ಟಾಪ್ ತೆರೆದಳು. ಸರ್ವರ್ ನಿಂತಿತ್ತು. ರೀಸ್ಟಾರ್ಟ್ ಮಾಡಿದಳು. ನಾಲ್ಕು ನಿಮಿಷಕ್ಕೆ ಮತ್ತೆ ನಿಂತಿತು. ಎಲ್ಲಿಂದಲೋ ಯಾರೋ ಅದೇ ಸಾಲನ್ನು ಕಳಿಸುತ್ತಲೇ ಇದ್ದರು. ಈ ಕೇಂದ್ರದ ಮೇಲೆ ಅವರಿಗೆ ಹಗೆಯೇನೂ ಇರಲಿಕ್ಕಿಲ್ಲ. ಬಾಗಿಲು ತೆರೆದಿದ್ದ ಕಡೆಯೆಲ್ಲ ಕಲ್ಲು ಬೀಸುತ್ತಾ ಹೋಗಿರಬೇಕು.

“ಇನ್ನೆಷ್ಟೊತ್ತು ಮೇಡಂ? ಒಬ್ಬಜ್ಜಿಗೆ ಉಸಿರಾಡೋಕೇ ಕಷ್ಟ ಆಗ್ತಿದೆ. ಶನಿವಾರ ಬೇರೆ ತಪ್ಪಿಸ್ಕೊಂಡಿದಾರೆ.”

ಸರ್ವರ್ ಸತ್ತರೂ ಅದರ ಹಿಂದಿನ ಡೇಟಾಬೇಸ್ ಬದುಕಿತ್ತು. ಅದನ್ನು ನೋಡುವ ಅನುಮತಿ ನಿಶಾತಳಿಗೆ ಮಾತ್ರ. ರೋಗಿಗಳ ವಿವರವನ್ನು ಫೋಟೋ ತೆಗೆದು ಕಳಿಸಬಾರದೆಂಬುದು ಕಂಪನಿಯ ಕಟ್ಟಪ್ಪಣೆ. ಹಾಗಾಗಿ, “ಪೆನ್ ತಗೊಳ್ಳಿ ವನಿತಾ, ನಾನು ಓದ್ತೀನಿ, ನೀವು ಬರ್ಕೊಳ್ಳಿ” ಎಂದಳು. ಹನ್ನೆರಡು ಹೆಸರು, ಒಬ್ಬೊಬ್ಬರಿಗೂ ಐದಾರು ಅಂಕಿ. ಆ ಕಡೆ ರೋಗಿಗಳ ಮನೆಯವರ ಗಲಾಟೆ, ಈ ಕಡೆ ಮಿಕ್ಸಿ ಹಾಕಲು ಹೊರಟ ಅಮ್ಮ ಗೌಹರ್‌ಗೆ ಕೈಸನ್ನೆಯಲ್ಲೇ ಬೇಡವೆಂದು ಹೇಳುತ್ತಾ ಓದಿ ಮುಗಿಸಿದಳು. ಆಮೇಲೆ ಡೆಮೊ, ಅಪ್ಪಣೆ ಯಾವುದನ್ನೂ ನೋಡದೆ ಲೈಬ್ರರಿಯ ಹೊಸ ಆವೃತ್ತಿ ಹಾಕಿದಳು. ಒಂಬತ್ತೂಕಾಲಿಗೆ ಸರ್ವರ್ ಎದ್ದಿತು. ಈ ಸಲ ಬೀಳಲಿಲ್ಲ.

ಅವಳು ಟೀ ಲೋಟ ಬಾಯಿಗಿಟ್ಟಾಗ ಮತ್ತೆ ವನಿತಾಳ ಫೋನ್.

“ಮೇಡಂ, ಬೆಳಿಗ್ಗೆ ಹೇಳಿದ್ನಲ್ಲ ಆ ಅಜ್ಜಿ, ಮುನಿಯಲ್ಲಮ್ಮ ಅಂತ, ಬಾಗಲಗುಂಟೆಯವ್ರು... ಬಿಪಿ ಪೂರಾ ಇಳಿದು ಫಿಟ್ಸ್ ಬಂತು. ಆಂಬುಲೆನ್ಸಲ್ಲಿ ಕಳ್ಸಿದ್ವಿ. ಈಗ ಸ್ಕ್ರೀನಲ್ಲಿ ನೋಡಿದ್ರೆ ಅವ್ರ ಡ್ರೈ ವೇಟ್ ನಲವತ್ತಾರೂವರೆ ಅಂತಿದೆ. ನನ್ ಚೀಟೀಲಿ ನಲವತ್ನಾಲ್ಕೂವರೆ ಇದೆ.”

ಡ್ರೈ ವೇಟ್ ಅಂದರೆ ಹೆಚ್ಚಿನ ನೀರನ್ನೆಲ್ಲ ತೆಗೆದ ಮೇಲೆ ಉಳಿಯಬೇಕಾದ ತೂಕ. ಎರಡು ಕೆ.ಜಿ. ವ್ಯತ್ಯಾಸವೆಂದರೆ ಬೇಕಾದ್ದಕ್ಕಿಂತ ಎರಡು ಲೀಟರ್ ನೀರು ಹೆಚ್ಚಿಗೆ ತೆಗೆದಂತೆ. ಹಿಂದಿನ ಸಲ ತಪ್ಪಿಸಿಕೊಂಡವರ ಮೈಯಲ್ಲಿ ನೀರು ತುಂಬಿರುವುದು ಸಹಜವಾದ್ದರಿಂದ ವನಿತಾಳಿಗೆ ಅನುಮಾನ ಬಂದಿರಲಿಲ್ಲ.

“ನಾನ್ ಏನ್ ಹೇಳ್ದೆ ವನಿತಾ?” ನಿಶಾತ್ ಕೇಳಿದಳು.

“ಗೊತ್ತಿಲ್ಲ ಮೇಡಂ. ನನಗೆ ಹಾಗೇ ಕೇಳಿಸ್ತು ಅನ್ಸುತ್ತೆ.”

ತಾನು ತಪ್ಪಿ ಹೇಳಿದೆನೋ, ಅವಳು ತಪ್ಪಿ ಕೇಳಿಸಿಕೊಂಡಳೋ. ಆ ಮಾತುಕತೆ ಎಲ್ಲಿಯೂ ದಾಖಲಾಗಿರಲಿಲ್ಲ. ನಿಶಾತ್ ಕಣ್ಣು ಮುಚ್ಚಿ ತನ್ನ ಧ್ವನಿಯನ್ನೇ ನೆನಪಿಸಿಕೊಳ್ಳಲು ನೋಡಿದಳು. ಒಮ್ಮೆ ನಲವತ್ತಾರು ಎಂದಂತೆ ಕೇಳಿಸಿತು, ಇನ್ನೊಮ್ಮೆ ನಲವತ್ನಾಲ್ಕು ಎಂದಂತೆ.

ಡೆಮೊ ಚೆನ್ನಾಗಿಯೇ ಆಯಿತು. ಸಂಜೆ ಕಾಶಿನಾಥ ಅವಳನ್ನು ಕರೆದು ಕೂರಿಸಿದ. ಕೇಂದ್ರದವರು ವರದಿ ಕೇಳಿದ್ದರು.

“ಚೀಟಿ ಬರ್ದಿದ್ದು ಅವರ ಸ್ಟಾಫು. ‘ಬರೆದುಕೊಳ್ಳುವಾಗ ಆದ ತಪ್ಪು’ ಅಂತ ಹಾಕಿ. ಸುಳ್ಳೇನಲ್ವಲ್ಲ?”

“ನಿಜ ಅಂತಲೂ ಗೊತ್ತಿಲ್ವಲ್ಲ ಸರ್.”

“ನಿಮ್ಮನ್ನ ಕಾಪಾಡೋಕೇ ಹೇಳ್ತಿರೋದು ಕಣ್ರೀ. ಯೋಚ್ನೆ ಮಾಡಿ.”

ಮರುದಿನ ಅವಳು ಆಸ್ಪತ್ರೆಗೆ ಹೋದಳು. ಹನ್ನೊಂದು ವರ್ಷದಲ್ಲಿ ಅವಳು ಒಬ್ಬ ರೋಗಿಯನ್ನೂ ಕಣ್ಣಾರೆ ಕಂಡಿರಲಿಲ್ಲ. ಮುನಿಯಲ್ಲಮ್ಮ ಗೋಡೆ ಕಡೆ ತಿರುಗಿ ಮಲಗಿದ್ದರು. ಸಣ್ಣ ಆಕಾರ, ಕೈಯ ತುಂಬ ಸೂಜಿಯ ಗಂಟುಗಳು. ಗಂಡ ದಾಸಪ್ಪ ಸ್ಟೂಲಿನ ಮೇಲೆ ಕೂತಿದ್ದರು.

“ಕಂಪೂಟ್ರು ಕೆಟ್ಟೋಗಿತ್ತು ಅಂದ್ರು. ನೀವು ಯಾರಮ್ಮ?”

“ಆ ಕಂಪ್ಯೂಟರ್ ನೋಡ್ಕೊಳ್ಳೋಳು ನಾನೇ. ಫೋನಲ್ಲಿ ತೂಕ ಓದಿದ್ದೂ ನಾನೇ. ತಪ್ಪು ನಂದೇ ಇರ್ಬಹುದು.”

ದಾಸಪ್ಪ ಬಗ್ಗಿ ಹೆಂಡತಿಯ ಹೊದಿಕೆ ಸರಿಮಾಡಿದರು. ಮುನಿಯಲ್ಲಮ್ಮ ತಿರುಗದೆಯೇ ಅಂದರು:

“ಇನ್ನೊಂದ್ ಕಿತ ಆ ಮಿಸನ್ ಅತ್ರ ಕರ್ಕಂಡ್ ಓಗ್ಬೇಡಿ. ಇಂಗೇ ಇದ್ ಬುಡ್ತೀನಿ.”

“ಅದಿಲ್ದೆ ಬದುಕಾಕಾಯ್ತದೇನೇ?” ದಾಸಪ್ಪ ಗದರಿದರು. ಆಮೇಲೆ ನಿಶಾತಳಿಗೆ, ತಗ್ಗಿದ ದನಿಯಲ್ಲಿ, “ನೀವು ಈಗ ಓಗಮ್ಮ” ಎಂದರು.

ಹೊರಗೆ ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ಬಂದು ಹೋದರೂ ಅವಳು ಹತ್ತಲಿಲ್ಲ. ಅಲ್ಲೇ ಕೂತು ವರದಿಯನ್ನು ಫೋನಿನಲ್ಲೇ ಬರೆದಳು. ಶುಕ್ರವಾರ ಎಚ್ಚರಿಕೆ ಬಂದಿತ್ತು. ಮುಂದೂಡಲು ಹೇಳಲಾಯಿತು. ಅದನ್ನು ‘ಮೀಡಿಯಂ’ ಎಂದು ಗುರುತಿಸಿದ್ದು ನಾನು. ತೂಕಗಳನ್ನು ಫೋನಿನಲ್ಲಿ ಓದಿದ್ದು ನಾನು, ತಿರುಗಿ ಓದಿಸಿ ಕೇಳದೇ ಇದ್ದದ್ದೂ ನಾನು. ತಪ್ಪು ಯಾರ ಬಾಯಲ್ಲಾಯಿತೋ ಯಾರ ಕಿವಿಯಲ್ಲಾಯಿತೋ ತಿಳಿಯದು. ಕಾಶಿನಾಥನಿಗೂ ಕೇಂದ್ರದವರಿಗೂ ಒಟ್ಟಿಗೇ ಕಳಿಸಿಬಿಟ್ಟಳು.

ವನಿತಾಳ ಕೆಲಸ ಉಳಿಯಿತು. ನಿಶಾತಳನ್ನು ತೆಗೆಯಲಿಲ್ಲ, ಆದರೆ ಡಯಾಲಿಸಿಸ್ ಸಾಫ್ಟ್‌ವೇರಿನಿಂದ ಬಿಡಿಸಿ, ಹಳೆಯ ಫೈಲುಗಳನ್ನು ಸ್ಕ್ಯಾನ್ ಮಾಡಿಸುವ ಕೆಲಸಕ್ಕೆ ಹಾಕಿದರು. ಕಾಶಿನಾಥ ಈಗ ಎದುರಾದರೆ ಫೋನ್ ನೋಡಿಕೊಂಡು ಹೋಗುತ್ತಾನೆ.

ಎರಡು ತಿಂಗಳಾದ ಮೇಲೆ ಅವಳು ವನಿತಾಳಿಗೆ ಫೋನ್ ಮಾಡಿ ಮುನಿಯಲ್ಲಮ್ಮನ ವಿಷಯ ಕೇಳಿದಳು.

“ಅವ್ರು ನಮ್ಮಲ್ಲಿಗೆ ಬರ್ತಿಲ್ಲ ಮೇಡಂ. ಚಿಕ್ಕಬಾಣಾವರದ ಕಡೆ ಯಾವ್ದೋ ಸೆಂಟರಿಗೆ ಹೋಗ್ತಾರೆ ಅಂತ ಯಾರೋ ಅಂದ್ರು. ಸರಿಯಾಗಿ ಗೊತ್ತಿಲ್ಲ.”

“ಹೋಗ್ತಿದಾರೆ ತಾನೆ?”

“ಗೊತ್ತಿಲ್ಲ ಮೇಡಂ” ಎಂದಳು ವನಿತಾ. ಅವಳ ಹಿಂದೆ ಯಾವುದೋ ಮಿಷನ್ನಿನ ಅಲಾರಂ ಹೊಡೆಯುತ್ತಿತ್ತು. “ಒಂದ್ನಿಮಿಷ, ಆಮೇಲ್ ಮಾಡ್ತೀನಿ” ಎಂದು ಫೋನ್ ಇಟ್ಟಳು.