ಅಕ್ಕ ಹಾಡದೆ ಉಳಿದ ಮಂಗಳ

ಮೊನ್ನೆ ಮಧ್ಯಾಹ್ನ ಮೊಬೈಲಿನಲ್ಲಿ ಯಾವುದೋ ದೇಶದ ಸನ್ಯಾಸಿನಿಯರ ಪ್ರಾರ್ಥನೆ ಕೇಳುತ್ತ ಕುಳಿತಿದ್ದೆ. ದನಿ ಇನ್ನೇನು ಮೇಲೇರಬೇಕು, ಅಷ್ಟರಲ್ಲಿ ಹಾಡು ಕಡಿದು ಬಟ್ಟೆ ಸೋಪಿನ ಜಾಹೀರಾತು ಬಂತು. ನೀವಾದರೆ 'ಸ್ಕಿಪ್' ಒತ್ತಿ ಮುಂದೆ ಹೋಗುತ್ತಿದ್ದಿರಿ. ನಾನು ಮೊಬೈಲನ್ನು ಬೋರಲು ಹಾಕಿದೆ. ಹಾಗೆ ನಡುವೆ ಹಾಡು ಕಡಿದವಳು ನಾನೂ ಹೌದು. ಕಡಿದದ್ದು ನಮ್ಮ ಅಕ್ಕನ ಹಾಡನ್ನು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ನೆಗೆಣ್ಣಿ, ಯಜಮಾನರ ಅಣ್ಣನ ಹೆಂಡತಿ. ಹಿರೇಬೆಂಡಿಗೇರಿಯ ಮನೆಗೆ ನಾನು ಸೊಸೆಯಾಗಿ ಬಂದಾಗ, ಧಾರವಾಡದ ಕಾನ್ವೆಂಟಿನಲ್ಲಿ ಕಲಿತ ಈ ಹುಡುಗಿಗೆ ರೊಟ್ಟಿ ಬಡಿಯಲು ಬಾರದೆಂಬುದನ್ನು ಅತ್ತೆಯಿಂದ ಮುಚ್ಚಿಟ್ಟವಳು ಅವಳು. ನನ್ನ ಪಾಲಿನದನ್ನೂ ತಾನೇ ಬಡಿಯುತ್ತ, "ನೀ ಇಂಗ್ಲಿಷ್ ಮಾತಾಡಕೋತ ಕುಂದ್ರು, ರೊಟ್ಟಿ ಅಂಜಿ ತಾವ ಉಬ್ಬತಾವ" ಎನ್ನುತ್ತಿದ್ದಳು.

ಸೋಮವಾರ ಸಂಜೆ ಊರ ಮಠದಲ್ಲಿ ಹೆಣ್ಣುಮಕ್ಕಳ ಭಜನೆ. ತಾಳ ಹಿಡಿದು ಪದ ಎತ್ತಿಕೊಡುವವಳು ಅಕ್ಕ. ಉಳಿದ ನಾಲ್ವರು ದನಿಗೂಡಿಸುವವರು. ಅವರಲ್ಲೊಂದು ನೇಮ: ಪದ ಎತ್ತಿದವಳೇ ಕೊನೆಗೆ ಮಂಗಳವನ್ನೂ ಎತ್ತಬೇಕು, ಕುಳಿತ ಜಾಗದಲ್ಲೇ ಹಾಡಿ ಮುಗಿಸಿ ಏಳಬೇಕು. ಮನೆಯಲ್ಲಿ ಹಾಲು ಉಕ್ಕಿದರೂ ಸರಿ, ಎಮ್ಮೆ ಈದರೂ ಸರಿ.

ನಾವು ಬೇರೆಯಾಗಿ ಶಿಗ್ಗಾವಿಗೆ ಬಂದು ಎಷ್ಟೋ ವರ್ಷವಾದ ಮೇಲೆ, ಹಾನಗಲ್ಲಿನ ಹಳೆಯ ಕಲ್ಲುಗುಡಿಯ ಅಂಗಳದಲ್ಲಿ ಜಗತ್ತಿನ ಭಕ್ತಿಸಂಗೀತದ ಕಛೇರಿಯೊಂದು ನಡೆಯಿತು. ಯುರೋಪಿನಿಂದ ಲ್ಯಾಟಿನ್ ಸ್ತೋತ್ರ ಹಾಡುವವರು, ಆಫ್ರಿಕಾದ ಸೂಫಿಗಳು, ಟಿಬೆಟಿನ ಭಿಕ್ಷುಗಳು. ಈ ಭಿಕ್ಷುಗಳು ಮಾತ್ರ ಬಂದದ್ದು ಪಕ್ಕದ ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿನಿಂದ, ಟೆಂಪೋದಲ್ಲಿ. ಕಂಪೇರಿಂಗಿಗೆ ಇಂಗ್ಲಿಷ್ ಬಲ್ಲವರು ಬೇಕೆಂದು ನನ್ನನ್ನು ಕೇಳಿದರು. ಟ್ರಂಕಿನ ತಳದಲ್ಲಿದ್ದ ಇಂಗ್ಲಿಷಿಗೆ ಬಿಸಿಲು ತೋರಿಸುವ ಆಸೆ ನನಗೂ ಇತ್ತು. "ಲೋಕಲ್ ಟ್ರೆಡಿಷನ್ ಒಂದು ಬೇಡವೇ?" ಎಂದು ಅಕ್ಕನ ಮೇಳವನ್ನು ಸೇರಿಸಿದವಳೂ ನಾನೇ.

"ಎಷ್ಟೊತ್ತು ಹಾಡೂದು?" ಅಕ್ಕ ಕೇಳಿದಳು.

"ಎಲ್ಲಾರಿಗೂ ಹನ್ನೆರಡು ನಿಮಿಷ."

"ಅಷ್ಟರಾಗ ನನ್ನ ಗಂಟಲಾನೂ ತೆರಿಯೂದಿಲ್ಲ. ಹೋಗ್ಲಿ, ಒಂದ ಪದಾ, ಮ್ಯಾಲ ಮಂಗಳ. ಮಂಗಳ ಮಾತ್ರ ಆಗಬೇಕ ನೋಡು."

"ಆಕ್ಕೈತಿ ಬಾ ಯಕ್ಕಾ, ನಾ ಇರ್ತೇನಲ್ಲ."

ನಮ್ಮ ಕಾನ್ವೆಂಟಿನ ಚಾಪೆಲ್‌ನಲ್ಲಿ ಪ್ರಾರ್ಥನೆ ಗಂಟೆಗೆ ಶುರುವಾಗಿ ಗಂಟೆಗೆ ಮುಗಿಯುತ್ತಿತ್ತು. ಪಂಕ್ಚುಯಾಲಿಟಿ ಇಲ್ಲದವರ ಮೊರೆಯನ್ನು ದೇವರೂ ಕೇಳುವುದಿಲ್ಲವೆಂದು ಸಿಸ್ಟರ್ ಹೇಳುತ್ತಿದ್ದರು. ನಾನು ಆ ಶಿಸ್ತಿನ ಮಗಳು. ಆದರೂ ಯುರೋಪಿನವರು ಹನ್ನೆರಡರ ಬದಲು ಇಪ್ಪತ್ತೈದು ನಿಮಿಷ ಹಾಡಿದಾಗ ಅವರ ಮುಚ್ಚಿದ ಕಣ್ಣು ನೋಡಿ ಸಾಕೆನ್ನಲು ನನಗೆ ಬಾಯಿ ಬರಲಿಲ್ಲ. ಸೂಫಿಗಳೂ ಅಷ್ಟೇ ಹೊತ್ತು ತೆಗೆದುಕೊಂಡರು. ಫಾರಿನ್ ಗೆಸ್ಟ್ಸ್, ಹೇಗೆ ತಡೆಯುವುದು? ನಮ್ಮ ಮನೆಗಳ ಪಂಕ್ತಿಯಲ್ಲಿ ಪಲ್ಯ ಸಾಲದಾದರೆ ಬಂದವರಿಗೆ ಕಡಿಮೆ ಮಾಡುವುದಿಲ್ಲ. ಬಡಿಸಿದ ಹೆಂಗಸು ಬೋಗುಣಿ ಕೆರೆದು ಉಣ್ಣುತ್ತಾಳೆ. ಆ ರೂಢಿ ನನ್ನ ಕೈಗೆ ಚೆನ್ನಾಗಿ ಹತ್ತಿತ್ತು. ಅಕ್ಕ ಮನೆಯವಳು, ಅಡ್ಜಸ್ಟ್ ಮಾಡಿಕೊಂಡಾಳು.

ಅಕ್ಕ ಪದ ಮುಗಿಸಿದಳು. ಕಣ್ಣು ಮುಚ್ಚಿ, ಮಂಗಳಕ್ಕೆಂದು ಉಸಿರು ತುಂಬಿಕೊಂಡಳು. ನಾನು ಮೈಕ್ ಹಿಡಿದು, "ಥ್ಯಾಂಕ್ ಯೂ, ಹೌ ಸೋಲ್‌ಫುಲ್" ಎಂದೆ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಹುರುಪಿನಲ್ಲಿ ಭಕ್ತಿಗೆ ಭಾಷೆಯ ಹಂಗಿಲ್ಲವೆಂದು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದೆ. ಅಕ್ಕ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಭಿಕ್ಷುಗಳು ಉದ್ದನೆಯ ಕಹಳೆ ಹೊತ್ತು ಮೆಟ್ಟಿಲೇರುತ್ತಿದ್ದರು. ಅಕ್ಕ ನೆಲಕ್ಕೆ ಕೈಯೂರಿ ಎದ್ದಳು.

ಕಾರಿನಲ್ಲಿ ಎಷ್ಟೋ ದೂರ ಬಂದ ಮೇಲೆ ಹೇಳಿದಳು. "ಮಂಗಳ ಆಗಲಿಲ್ಲ ನೋಡವ್ವಾ."

"ಮನ್ಯಾಗ ಹಾಡಿದ್ರಾತು ಬಿಡು ಯಕ್ಕಾ."

"ಉಣ್ಣಾಕ ಕುಂತವರನ್ನ ಎಬ್ಬಿಸಿ, ಉಳದದ್ದು ನಿಮ್ಮನ್ಯಾಗ ಉಣ್ರಿ ಅಂದಂಗ ಆತು."

ಮುಂದಿನ ಸೋಮವಾರ ಮಠದಲ್ಲಿ ಅವಳು ತಾಳವನ್ನು ಮೇಳದ ಈರವ್ವನ ಕೈಗಿಟ್ಟು ಕಂಬಕ್ಕೊರಗಿ ಕುಳಿತಳಂತೆ. ವಿಚಾರಿಸಲು ಹೋದೆ. "ನಂದು ಹಾನಗಲ್ಲಾಗ ಅರ್ಧಕ್ಕ ನಿಂತೈತಿ. ಅದನ್ನ ಮುಗಸದ ಮತ್ತೊಂದು ಹೆಂಗ ಎತ್ತಲಿ? ಒಮ್ಮೆ ಕಾರಿನ್ಯಾಗ ಕರಕೊಂಡು ಹೋಗು. ಮಂದಿ ಬ್ಯಾಡ, ಮೈಕ್ ಬ್ಯಾಡ."

"ಮುಂದಿನ ವಾರ ಹೋಗೂಣು" ಎಂದೆ. ಮುಂದಿನ ವಾರ ಡ್ರೈವರ್ ರಜೆ. ಅದರ ಮುಂದಿನ ವಾರ ನನ್ನ ಬ್ಲಡ್ ಟೆಸ್ಟ್, ಆಮೇಲೆ ಯಾರೋ ಬಸುರಿಯ ಕುಪ್ಪಸದ ಕಾರ್ಯ. ನಿಜ ಹೇಳುತ್ತೇನೆ, ಇದೆಲ್ಲ ಸೂಪರ್‌ಸ್ಟಿಷನ್ ಎಂದುಕೊಂಡಿದ್ದೆ; ಟೂರಿಸ್ಟುಗಳ ನಡುವೆ ನೆಲಕ್ಕೆ ಕೂರಲು ನಾಚಿಕೆಯೂ ಇತ್ತು. ಅಕ್ಕ ಎರಡು ಸಲ ಕೇಳಿದಳು, ಮೂರನೆಯ ಸಲ ಕೇಳಲಿಲ್ಲ. ಹೀಗೇ ಎರಡು ವರ್ಷ. ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಆ ಎರಡು ವರ್ಷ ಅವಳು ಒಂದು ಪದವನ್ನೂ ಎತ್ತಲಿಲ್ಲ.

ಮೊನ್ನೆ ಮೊಬೈಲ್ ಬೋರಲು ಹಾಕಿದವಳು ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿ ಈರವ್ವನಿಗೆ ಫೋನು ಮಾಡಿದೆ. "ನಾಳೆ ಕಾರು ಕಳಸ್ತೇನಿ. ಎಲ್ಲಾರೂ ಹಾನಗಲ್ಲಿಗೆ ಹೋಗಿ ಅಕ್ಕನ ಮಂಗಳ ಹಾಡಿ ಬರೂಣು."

"ಪದಾ ಎತ್ತಿದಾಕಿ ಆಕಿ, ಬಾಯಾರ. ನಾವು ಹಾಡಿದ್ರ ನಮ್ದಾಕ್ಕೈತಿ, ಆಕೀದು ಹೆಂಗ ಆಕ್ಕೈತ್ರಿ? ಆಕಿ ಇದ್ದಾಗೂ ಕಾರು ಇತ್ತಲ್ರಿ." ಬೈಗುಳದ ದನಿಯಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು. ಆಮೇಲೆ ಅವಳೇ ಅಂದಳು, "ಸೋಮಾರ ಮಠಕ್ಕ ಬರ್ರಿ. ಸುಮ್ನ ಕುಂದರ್ರಿ."

ಹೋದೆ. ಇಷ್ಟು ವರ್ಷಗಳಲ್ಲಿ ಭಜನೆಯ ಕೊನೆಯವರೆಗೆ ನಾನು ಕುಳಿತದ್ದು ಅದೇ ಮೊದಲು. ಈರವ್ವ ಮಂಗಳ ಎತ್ತಿದಳು, ಉಳಿದವರು ದನಿಗೂಡಿಸಿದರು. ಕೇಳೋಣವೆಂದು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುವಷ್ಟರಲ್ಲಿ ಮುಗಿದೇ ಹೋಯಿತು. ಇಷ್ಟು ಚಿಕ್ಕದೆಂದು ನನಗೆ ಗೊತ್ತೇ ಇರಲಿಲ್ಲ. ಅಂದು ಮೈಕಿನಲ್ಲಿ ನಾನಾಡಿದ ಮಾತೇ ಇದಕ್ಕಿಂತ ಉದ್ದವಿತ್ತು.

ಎಲ್ಲರೂ ಎದ್ದರು. ನಾನು ಕುಳಿತೇ ಇದ್ದೆ.

"ಮೊಣಕಾಲು ಹಿಡದಾವೇನ್ರಿ ಬಾಯಾರ?" ಈರವ್ವ ಕೈ ಚಾಚಿದಳು.

ಹೌದು ಎಂದೆ.