ಚರಗದ ಬುಟ್ಟಿ

ನಮ್ಮ ಮನೆಯಲ್ಲಿ ಹೊಲ ಯಾರದು ಎನ್ನುವುದು ಪಹಣಿ ನೋಡಿದರೆ ಗೊತ್ತಾಗುವುದಿಲ್ಲ. ಎಳ್ಳಮಾವಾಸ್ಯೆಯ ದಿನ ಚರಗದ ಬುಟ್ಟಿ ಯಾರ ಕೈಯಲ್ಲಿದೆ ಎಂದು ನೋಡಬೇಕು. ಅಂದು ಸಜ್ಜೆ ಕಡುಬು, ರೊಟ್ಟಿ, ಭಜ್ಜಿ ಎಲ್ಲ ಕಲಸಿ ಬುಟ್ಟಿಗೆ ತುಂಬಿಕೊಂಡು ಒಬ್ಬರು ಮುಂದೆ ನಡೆಯುತ್ತ ಬೆಳೆಯ ಮೇಲೆ ಹಿಡಿ ಹಿಡಿಯಾಗಿ ಚೆಲ್ಲುತ್ತಾರೆ. ಇನ್ನೊಬ್ಬರು ಹಿಂದಿನಿಂದ ಚೆಂಬಿನ ನೀರು ಚಿಮುಕಿಸುತ್ತಾರೆ. ಚರಗವೆಂದರೆ ಭೂಮಿತಾಯಿಯ ಊಟ. ನಲವತ್ತು ವರ್ಷ ಬುಟ್ಟಿ ಅಪ್ಪನದು. ಚೆಂಬು ಅವ್ವನದಾಗಿತ್ತು, ಅವಳು ತೀರಿಕೊಂಡ ಮೇಲೆ ನನಗೆ ಬಂತು.

ಮದುವೆ ಬೇಡವೆಂದು ಮನೆಯಲ್ಲೇ ಉಳಿದ ನಾನು ಹನ್ನೆರಡು ವರ್ಷದಿಂದ ಶಿರವಾಳದ ಹತ್ತಿರದ ಈ ಹೊಲ ಮಾಡುತ್ತಿದ್ದೇನೆ. ಬೀಜ ತರುವವಳು ನಾನು, ಆಳು ಹುಡುಕುವವಳು ನಾನು. ಅಪ್ಪನಿಗೆ ಇರುವುದು ಒಂದೇ ಕೆಲಸ. ಬೇವಿನ ನೆರಳಿಗೆ ಕೂತು, "ಹೊಲ ನಂದು, ನಾ ಹೇಳ್ದಂಗ ಮಾಡು" ಎನ್ನುವುದು. ಅದನ್ನು ಮಾತ್ರ ಒಂದು ದಿನವೂ ತಪ್ಪಿಸಿದವನಲ್ಲ.

ಯಾದಗಿರಿಯಲ್ಲಿ ಗುಮಾಸ್ತನಾಗಿರುವ ತಮ್ಮ ಕಳೆದ ವರ್ಷ ತಾನಾಗಿಯೇ ಮಾತು ತೆಗೆದ. "ಹೊಲ ಅಕ್ಕನ ಹೆಸರಿಗಿ ಮಾಡಿಬಿಡಪ್ಪಾ. ನನಗ ತಿನ್ನಾಕ ಜ್ವಾಳ ಕಳಿಸಿದ್ರ ಸಾಕು." ಅಪ್ಪ ಹೂಂ ಎಂದ. ಆ ಹೂಂ ಶಹಾಪುರದ ಕಚೇರಿ ಮುಟ್ಟುವುದಕ್ಕೆ ನಾಲ್ಕು ಸಲ ಬಸ್ಸು ಹತ್ತಬೇಕಾಯಿತು. ಮೊದಲ ಸಲ ಆಧಾರ್ ಕಾರ್ಡು ಮರೆತ. ಎರಡನೆಯ ಸಲ ಬಸ್ಸಿನಲ್ಲಿ ಪರಿಚಯದವರು ಸಿಕ್ಕರೆಂದು ಮಾತಾಡುತ್ತ ಅವರ ಜೊತೆ ಸುರಪುರಕ್ಕೇ ಹೋಗಿಬಿಟ್ಟ. ಮೂರನೆಯ ಸಲ ಕಚೇರಿಯ ಬಾಗಿಲಲ್ಲಿ ನಿಂತು, "ಹತ್ತಿ ಬಿಡಿಸೂದು ಮುಗೀಲಿ, ಆಮ್ಯಾಲ ನೋಡಮು" ಎಂದ. ಆ ವರ್ಷ ನಾವು ಹತ್ತಿ ಹಾಕಿರಲೇ ಇಲ್ಲ.

ಕಾಗದಕ್ಕೆ ಮೊದಲು ಹೊಲ ಅಳೆಸೋಣ ಎಂದವಳು ನಾನೇ. ಅಳೆಯುವವರು ಬಂದು ಗಡಿಕಲ್ಲು ಹುಡುಕಿ ತೆಗೆದರು. ಹಳ್ಳದ ಕಡೆಯ ಉದ್ದನೆಯ ಪಟ್ಟಿಯೊಂದು ನಮ್ಮದಲ್ಲ, ಪಕ್ಕದ ಹೊಲದವನದು. ಅವನೇ ಉತ್ತು ಬಿತ್ತುತ್ತಿದ್ದ ಜಾಗ. ಅಪ್ಪ ಮಾತ್ರ ಅದು ನಮ್ಮದು, ಅವನು ಹೇಗೋ ಮಾಡಿಕೊಂಡು ತಿನ್ನಲಿ ಎಂದು ದೊಡ್ಡ ಮನಸ್ಸು ಮಾಡಿ, ಪ್ರತಿ ವರ್ಷ ಅಲ್ಲಿಗೂ ಚರಗ ಚೆಲ್ಲಿ ಬರುತ್ತಿದ್ದ.

"ನಲವತ್ತು ವರ್ಷ ನಿನ್ನ ಹೊಲಕ್ಕ ಉಣ್ಣಾಕ ಹಾಕೀನಿ! ಒಂದ್ ಮಾತ ಹೇಳಬಾರ್ದೇನೊ?" ಎಂದು ಅಪ್ಪ ಅವನ ಮೇಲೆ ಹರಿಹಾಯ್ದ.

"ನಾ ಯಾಕ ಹೇಳ್ಲಿ ಕಾಕಾ? ನೀವು ಚೆಲ್ಲಿದ ಕಡೀನೇ ಜ್ವಾಳ ಛಲೋ ಬರ್ತಿತ್ತು" ಎಂದ ಅವನು.

ನಾನು ನಕ್ಕುಬಿಟ್ಟೆ. ಅಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಮೂರನೆಯ ದಿನ ತಾನೇ ಎದ್ದು ರುಮಾಲು ಸುತ್ತಿಕೊಂಡು ಶಹಾಪುರಕ್ಕೆ ಹೊರಟ. ಸಹಿಯಾಯಿತು, ಕೆಲವು ದಿನಕ್ಕೆ ಪಹಣಿಯಲ್ಲಿ ನನ್ನ ಹೆಸರೂ ಬಂತು. ಬದಲಾದದ್ದು ಅಷ್ಟೇ. ಬೇವಿನ ನೆರಳಿನಿಂದ "ಹೊಲ ನಂದು" ಕೇಳುತ್ತಲೇ ಇತ್ತು.

ಎಳ್ಳಮಾವಾಸ್ಯೆ ಬಂತು. ನಸುಕಿನಲ್ಲೆದ್ದು ಅಡುಗೆ ಮಾಡುವಾಗ ಈ ಸಲವಾದರೂ ಬುಟ್ಟಿ ನನ್ನ ಕೈಗೆ ಕೊಡುತ್ತಾನೆ ಎಂದು ಆಸೆಪಟ್ಟಿದ್ದೆ. ಆತ ಎಂದಿನಂತೆ ಬುಟ್ಟಿ ಹೆಗಲಿಗೇರಿಸಿ ಮುಂದೆ ನಡೆದ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಕೇಳಿ ಇಸಿದುಕೊಳ್ಳುವುದಕ್ಕೆ ಮನಸ್ಸಾಗಲಿಲ್ಲ. ಚೆಂಬು ಹಿಡಿದು ಹಿಂದೆ ಹೋದೆ.

ಹೊಲದ ಅಂಚಿನಲ್ಲಿ ಅಪ್ಪ ಬುಟ್ಟಿ ಇಳಿಸಿದ. ನನ್ನ ಮುಖ ನೋಡದೆ ಚೆಂಬಿಗೆ ಕೈ ಚಾಚಿದ. "ಕೊಡು ಇಲ್ಲಿ. ಭಾರ ಅದ ಬುಟ್ಟಿ, ನನಗ ಆಗೂದಿಲ್ಲ."

ಊರಿಂದ ಇಲ್ಲಿತನಕ ಹೊತ್ತುಕೊಂಡು ಬಂದವನ ಮಾತು ಇದು.

ನಾನು ಚೆಲ್ಲುತ್ತ ನಡೆದೆ. ಹಿಂದಿನಿಂದ ನೀರು ಬೀಳುವ ಸದ್ದು ಬಿಟ್ಟರೆ ಒಂದು ಸಲಹೆಯೂ ಬರಲಿಲ್ಲ. ಹಳ್ಳದ ಕಡೆಯ ಗಡಿಕಲ್ಲಿನ ಹತ್ತಿರ ನಿಂತೆ. ನಕ್ಷೆಯ ಪ್ರಕಾರ ಇಲ್ಲಿಂದ ತಿರುಗಬೇಕು. ಆಚೆ ಪಕ್ಕದವನ ಜೋಳ ಎದೆಯೆತ್ತರ ನಿಂತಿತ್ತು.

"ಏನ್ ಮಾಡ್ಲಿ ಅಪ್ಪಾ?"

"ನನ್ನೇನ್ ಕೇಳ್ತಿ? ಹೊಲ ನಿಂದು."

ಬುಟ್ಟಿಗೆ ಕೈ ಹಾಕಿ ಕಲ್ಲಿನ ಆಚೆಗೆ ಒಂದು ಹಿಡಿ ಚೆಲ್ಲಿದೆ. ಅಪ್ಪ ಅಲ್ಲಿಗೂ ನೀರು ಚಿಮುಕಿಸಿದ. ಆಮೇಲೆ ಮೆಲ್ಲಗೆ ಕೇಳಿದ: "ಇನ್ನೊಂದ್ ಹಿಡಿ ಹಾಕ್ತೀಯೇನವಾ?"

ನಲವತ್ತು ವರ್ಷದಲ್ಲಿ ಆ ಹೊಲದೊಳಗೆ ಅಪ್ಪ ಏನನ್ನಾದರೂ ಕೇಳಿದ್ದು ಅದೇ ಮೊದಲು.