ಗೋಕರ್ಣದಾಂವನಿಗೆ ಬಿಸಿಲಿನ ನೀರು

ಕಳೆದ ವಾರ ಜಲನಗರದ ನಮ್ಮ ಮನೆಯ ಕಿಟಕಿಗೆ ಹೊಸ ಗಾಜು ಕೂಡಿಸಲು ಬಡಿಗ ಬಂದಿದ್ದ. ಈಗ ಗಾಜಿಗೆ ಏನೇನೋ ಹೊಸ ಅಂಟು ಬಂದಿವೆಯಂತೆ. ಈತ ಹಳೆಯ ಕಾಲದವನು, ಗಾಜಿನ ಅಂಚಿಗೆ ಮೆತ್ತುವ ಪುಟ್ಟಿಯ ಡಬ್ಬಿ ತೆಗೆದು ಅಂಗೈಯಲ್ಲಿ ಹಾಕಿಕೊಂಡು ನಾದತೊಡಗಿದ. ಅಗಸಿ ಎಣ್ಣೆಯ ಆ ಗಡುಸು ವಾಸನೆ ಮೂಗಿಗೆ ಬಡಿದದ್ದೇ ತಡ, ಚಹಾದ ಕಪ್ಪು ಹಿಡಿದವಳು ಅಲ್ಲೇ ನಿಂತುಬಿಟ್ಟೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ, ಆ ಓಣಿಯ ನಮ್ಮ ಬಾಡಿಗೆ ಮನೆ, ಅದರ ಮಾಳಿಗೆ, ಎಪ್ಪತ್ತರ ದಶಕದ ಒಂದು ಬೇಸಿಗೆ... ಮೊಣಕೈತನಕ ಪುಟ್ಟಿ ಮೆತ್ತಿಕೊಂಡು ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತ ನಮ್ಮ ಅತ್ತೆ.

ಅತ್ತೆ ಎಂದರೆ ನನ್ನ ಗಂಡನ ತಾಯಿ. ಬಬಲೇಶ್ವರದ ಒಕ್ಕಲುತನದ ದೊಡ್ಡ ಮನೆಯ ಕಿರಿ ಸೊಸೆ. ಸಣ್ಣ ವಯಸ್ಸಿನಲ್ಲೇ ಗಂಡ ಹೋದ. ಗಂಡನ ಅಣ್ಣ, ನಾನು ದೊಡ್ಡ ಮಾವ ಎಂದು ಕರೆಯುತ್ತಿದ್ದವರು, ಆ ಮನೆಯ ಯಜಮಾನ. ತಮ್ಮನ ಮಗ ಹೊಲದಲ್ಲಿ ದುಡಿದರೆ ಸಾಕು ಎನ್ನುವುದು ಅವರ ತೀರ್ಮಾನ. ಅತ್ತೆ ಆ ತೀರ್ಮಾನ ಕೇಳಿಸಿಕೊಂಡು, ಮರುದಿನ ಮಗನನ್ನು ಕರೆದುಕೊಂಡು ಬಿಜಾಪುರದ ಬಸ್ಸು ಹತ್ತಿದವರು. ಆಗ ಊರಿನ ಹೆಸರು ಬಿಜಾಪುರವೇ. ಹೊಲಿಗೆ ಯಂತ್ರ ತುಳಿದು ಮಗನನ್ನು ಓದಿಸಿದರು, ಅವನಿಗೆ ನೌಕರಿ ಹತ್ತಿತು, ನಾನು ಸೊಸೆಯಾಗಿ ಬಂದೆ. ಎತ್ತರದ ಹೆಂಗಸು, ದೊಡ್ಡ ದನಿ. ಸುಮ್ಮನೆ ಮಾತಾಡಿದರೂ ಜಗಳವಾಡಿದ ಹಾಗೆ ಕೇಳುತ್ತಿತ್ತು.

ನಾನು ಬಂದ ಎರಡನೆಯ ವರ್ಷವೇ ಇರಬೇಕು, ಓಣಿಯ ಹೆಂಗಸರ ಜೊತೆ ಗೋಕರ್ಣಕ್ಕೆ ಹೋದರು. ಸಮುದ್ರ ನೋಡಿದ್ದು ಜೀವಮಾನದಲ್ಲಿ ಅದೇ ಮೊದಲು. ತಿರುಗಿ ಬಂದವರನ್ನು ಹೇಗಿತ್ತು ಎಂದು ಕೇಳಿದೆ. "ಇಷ್ಟ್ ನೀರು ಇಟ್ಕೊಂಡು ಒಂದ್ ಗುಟುಕು ಕುಡಿಯಾಕ ಬರಂಗಿಲ್ಲ ಅಂದ್ರ, ದೇವರೂ ಒಮ್ಮೊಮ್ಮೆ ತಪ್ಪತಾನ ನೋಡು," ಎಂದರು. ತೀರ್ಥವೆಂದು ಒಂದು ದೊಡ್ಡ ಕ್ಯಾನಿನ ತುಂಬ ಸಮುದ್ರದ ನೀರು ತಂದಿದ್ದರು. ಒದ್ದೆ ಸೀರೆಯ ಸೆರಗಿನಲ್ಲಿ ಕಟ್ಟಿದ ಒಂದು ಗಂಟು ಕಪ್ಪೆಚಿಪ್ಪು, ಶಂಖ.

ಗಂಟು ಬಿಚ್ಚಿ ನೆಲದ ಮೇಲೆ ಹರವಿದಾಗ ಒಂದು ಶಂಖ ನಡೆಯತೊಡಗಿತು. ನಾನು ಚೀರಿದೆ. ಶಂಖದ ಬಾಯಿಂದ ಸಣ್ಣ ಕಾಲುಗಳು, ಒಂದು ಜೊತೆ ಚಿಮಟಿಗೆ, ಕಡ್ಡಿಯ ತುದಿಗಿಟ್ಟಂಥ ಎರಡು ಕಣ್ಣು. ಖಾಲಿ ಶಂಖದೊಳಗೆ ಹೊಕ್ಕು ಅದನ್ನೇ ಮನೆ ಮಾಡಿಕೊಳ್ಳುವ ಏಡಿ ಅದು. ಸನ್ಯಾಸಿ ಏಡಿ ಎನ್ನುತ್ತಾರೆ. ಕೋಳಿಯ ತತ್ತಿ ಕೂಡ ಹೊಸ್ತಿಲು ದಾಟದ ಮನೆ ನಮ್ಮದು. ನೋಡಲು ಬಂದ ಓಣಿಯ ಹೆಂಗಸರು ಅದನ್ನು ಬಾವಿಗೆ ಬಿಡು ಎಂದರು, ಗಟಾರಕ್ಕೆ ಚೆಲ್ಲು ಎಂದರು. ನನ್ನ ಗಂಡ, "ಸಂಜಿ ಒಳಗ ತಾನ ಸಾಯತೈತಿ ಬಿಡವ್ವಾ," ಎಂದ.

"ಯಾಕ ಸಾಯತೈತಿ? ಅದನ್ನ ಕೇಳದ ಹೊತ್ಕೊಂಡ ಬಂದಾಕಿ ನಾ. ನನ್ನ ಮನ್ಯಾಗ ನಾ ಸಾಯಾಕ ಬಿಡಂಗಿಲ್ಲ."

ಹಾಗೆ ಹೇಳಿ ಅತ್ತೆ ತೀರ್ಥದ ನೀರನ್ನೇ ಅಗಲವಾದ ಚೀನೀ ಬೋಗುಣಿಗೆ ಸುರಿದು ಏಡಿಯನ್ನು ಬಿಟ್ಟರು. ಅಂದಿನಿಂದ ಅದರ ಹೆಸರು ಗೋಕರ್ಣದಾಂವ.

ಗೋಕರ್ಣದಾಂವ ಸಾಯಲಿಲ್ಲ. ಆದರೆ ನಮ್ಮ ಬಿಸಿಲಿಗೆ ಬೋಗುಣಿಯ ನೀರು ದಿನಾ ಇಳಿಯುತ್ತ ಹೋಗಿ, ಅಂಚಿಗೆ ಉಪ್ಪಿನ ಬಿಳಿ ಗೆರೆ ಮೂಡಿತು. ಇಳಿದಷ್ಟೂ ಹಿತ್ತಲ ಬಾವಿಯ ನೀರು ಸೇರಿಸಿದೆವು. ಆ ಬಾವಿಯ ನೀರು ಸವಳು. ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು ಮಾತ್ರ. ಕಾಸಿದರೆ ಹಂಡೆಯ ಒಳಗೆ ಸುಣ್ಣ ಬಳಿದ ಹಾಗೆ ಪದರುಗಟ್ಟುತ್ತಿತ್ತು. ಕೆಲವೇ ದಿನಗಳಲ್ಲಿ ಏಡಿ ಅಲುಗಾಡದಾಯಿತು. ಮುಟ್ಟಿದರೆ ಒಳಗೆ ಎಳೆದುಕೊಳ್ಳುತ್ತಿದ್ದ ಕಾಲುಗಳು ಹೊರಗೇ ಜೋತುಬಿದ್ದವು.

ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದ್ದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ, ಮೇಲೆ ಮತ್ತೆ ಸವಳು ನೀರು ಹಾಕಿದರೆ ಬೋಗುಣಿಯಲ್ಲಿ ಸವಳೇ ಕೂಡುತ್ತ ಹೋಗುತ್ತದೆ ಎಂದು ವಿವರಿಸಿದೆ. ಅತ್ತೆ ಬೋಗುಣಿಯ ಅಂಚಿನ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದರು. "ಬೆಲ್ಲದ ಕೊಪ್ಪರಿಗಿ ಇದ್ದಂಗ ಅನ್ನು. ನೀರು ಹಾರಿ ಬೆಲ್ಲ ಗಟ್ಟಿ ಆಗತೈತಿ." ಆಮೇಲೆ ಕೇಳಿದರು, "ಹಂಗಾದ್ರ ಇದಕ್ಕ ಏನೂ ಇಲ್ಲದ ನೀರು ಬೇಕು. ಅದು ಎಲ್ಲಿ ಸಿಗತೈತಿ?"

ಎಲ್ಲಿಯೂ ಸಿಗುವುದಿಲ್ಲ, ಆವಿ ಹಿಡಿದು ತಣಿಸಿ ಮಾಡಬೇಕು ಎಂದೆ. ಮೊದಲು ಒಲೆಯ ಮೇಲೆ ಕಿತ್ತಲಿ ಇಟ್ಟು, ಅದರ ಮೂತಿಗೆ ನಳಿಗೆ ಸಿಕ್ಕಿಸಿ ನೋಡಿದೆವು. ಒಂದು ಬಟ್ಟಲು ನೀರು ಇಳಿಯುವುದರೊಳಗೆ ಸ್ಟೋವಿನ ಚಿಮಣಿ ಎಣ್ಣೆ ಮುಗಿಯಿತು. ಆಗ ಆ ಎಣ್ಣೆಗೂ ಸಾಲು ಹಚ್ಚಬೇಕಿತ್ತು. ಅತ್ತೆ ಕಿತ್ತಲಿ ಕೆಳಗಿಟ್ಟು ಅಂಗಳಕ್ಕೆ ಹೋಗಿ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. "ಅಷ್ಟ ದೊಡ್ಡ ಒಲಿ ಪುಕ್ಕಟ ಉರಿಯಾಕತ್ತೈತಿ. ನಾವು ಎಣ್ಣಿ ಸುಡಾಕತ್ತೇವಿ."

ಮಾಳಿಗೆಯ ಮೇಲೆ ಗೌಂಡಿಯಿಂದ ಆಳವಿಲ್ಲದ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಒಳಗೆ ಕಪ್ಪು ಬಳಿಸಿದೆವು. ಅದರ ಮೇಲೆ ಇಳಿಜಾರಾಗಿ ಗಾಜು ಮುಚ್ಚಬೇಕು. ತೊಟ್ಟಿಯ ಸವಳು ನೀರು ಕಾದು ಆವಿಯಾಗಿ ಗಾಜಿನ ಒಳಮೈಗೆ ಹನಿಗಟ್ಟಿ, ಜಾರಿ, ಕೆಳಗಿಟ್ಟ ಸೀಳು ಬಿದಿರಿಗೆ ಇಳಿದು ತಂಬಿಗೆ ಸೇರಬೇಕು. ಗಾಜು ತರಲು ಇಬ್ಬರೂ ಗಾಂಧಿ ಚೌಕಕ್ಕೆ ಹೋದೆವು. ಅಂಗಡಿಯವ ಗಾಜು ಕೊಯ್ಯುತ್ತ, "ಯಾವ ದೇವರ ಫೋಟೋಕ್ಕರಿ ಇಷ್ಟ್ ದೊಡ್ಡ ಗಾಜು?" ಎಂದು ಕೇಳಿದ.

"ದೇವರಿಗಲ್ಲಪಾ, ಏಡಿಗೆ," ಎಂದರು ಅತ್ತೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆಯೂ ತಿರುಗಿ ಒಬ್ಬೊಬ್ಬರನ್ನೇ ನೋಡಿದರು, ಅವರು ಕಣ್ಣು ಬೇರೆ ಕಡೆ ತಿರುಗಿಸುವ ತನಕ.

ಗಾಜಿನ ಅಂಚಿಗೆ ಪುಟ್ಟಿ ಮೆತ್ತಿದ್ದು ಅತ್ತೆಯೇ. ಮೊದಲ ದಿನಗಳಲ್ಲಿ ಇಳಿದ ನೀರೆಲ್ಲ ಅಗಸಿ ಎಣ್ಣೆ ನಾರುತ್ತಿತ್ತು. ದಿನಾ ಮೂಸಿ ನೋಡಿ ಚೆಲ್ಲುತ್ತಿದ್ದೆವು. ಒಂದು ದಿನ ಮಂಗ ಬಂದು ಗಾಜಿನ ಮೇಲೆ ಕುಳಿತು, ಅದು ಬಿರುಕು ಬಿಟ್ಟಿತು. ಮತ್ತೆ ಗಾಂಧಿ ಚೌಕ, ಮತ್ತೆ ಪುಟ್ಟಿ. ಅಷ್ಟರಲ್ಲಿ ಗೋಕರ್ಣದಾಂವ ಬದುಕಿದ್ದಾನೋ ಇಲ್ಲವೋ ನನಗೇ ತಿಳಿಯದಾಗಿತ್ತು. ಕೊನೆಗೊಂದು ಸಂಜೆ ತಂಬಿಗೆಯ ನೀರಿಗೆ ಯಾವ ವಾಸನೆಯೂ ಇರಲಿಲ್ಲ. ಬೋಗುಣಿಯ ಕೆಟ್ಟ ನೀರು ತೆಗೆದು, ಕ್ಯಾನಿನಲ್ಲಿ ಉಳಿದಿದ್ದ ತೀರ್ಥವನ್ನೆಲ್ಲ ಹಾಕಿ, ಬೋಗುಣಿಯ ಹೊರಗೆ ನೀರಿನ ಮಟ್ಟಕ್ಕೆ ಒಂದು ದಾರ ಕಟ್ಟಿದೆವು. ನೀರು ದಾರಕ್ಕಿಂತ ಕೆಳಗಿಳಿದಾಗಲೆಲ್ಲ ಬಿಸಿಲಿನ ನೀರು ಸೇರಿಸುವುದು. ಅತ್ತೆ ಎರಡು ದಿನ ಬೋಗುಣಿ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಮುಂಜಾನೆ ಅಡುಗೆಮನೆಗೆ ಅವರ ಕೂಗು ಕೇಳಿತು: "ಬಾ ಇಲ್ಲೆ, ನಡ್ಯಾಕತ್ತಾನ!"

ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಗೋಡೆಯಾಚೆಯ ಮನೆಯ ಮುಸಲ್ಮಾನ ಹೆಂಗಸನ್ನು ನಾವು ಆಪಾ ಎನ್ನುತ್ತಿದ್ದೆವು. ಆಪಾನ ತಮ್ಮ ಉಳ್ಳಾಗಡ್ಡಿ ಹೇರಿಕೊಂಡು ಕಾರವಾರಕ್ಕೆ ಲಾರಿ ಹೊಡೆಯುತ್ತಿದ್ದ. ಅವನು ಪ್ರತಿ ಸಲ ಕ್ಯಾನು ತುಂಬಿ ಸಮುದ್ರದ ನೀರು ತಂದುಕೊಟ್ಟ. ಅದಕ್ಕೆ ಡೀಸೆಲ್ಲಿನ ನಾತ. ಒಂದರ ಮೇಲೊಂದು ಮೂರು ಗಡಿಗೆ ಇಟ್ಟು, ಮೇಲಿನದರಲ್ಲಿ ಇದ್ದಿಲು, ನಡುವಿನದರಲ್ಲಿ ತೊಳೆದ ಉಸುಕು ತುಂಬಿ, ಎರಡರ ತಳಕ್ಕೂ ಸಣ್ಣ ತೂತು ಮಾಡಿ ಸೋಸಿದೆವು. ಹಳೆ ಸಾಮಾನಿನವನ ಹತ್ತಿರ ದೊಡ್ಡ ಬ್ಯಾಟರಿಯ ಗಾಜಿನ ಜಾಡಿ ಸಿಕ್ಕಿತು, ಗೋಕರ್ಣದಾಂವ ಬೋಗುಣಿಯಿಂದ ಅದಕ್ಕೆ ಬಂದ. ನೀರಿನ ಜೊತೆ ಒಂದೊಂದಾಗಿ ಬಸವನಹುಳ, ಬೆರಳುದ್ದದ ಮೀನು, ಇನ್ನೆರಡು ಏಡಿ ಬಂದವು. ಮೀನು ಕೆಲವು ಸತ್ತವು, ಕೆಲವು ಉಳಿದವು. ಮುಂಜಾನೆ ಸಂಜೆ ಅತ್ತೆ ಸೌಟಿನಿಂದ ನೀರು ಎತ್ತಿ ಎತ್ತಿ ಹೊಯ್ಯುತ್ತಿದ್ದರು, ಅವಕ್ಕೆ ಉಸಿರಾಡಲು ಗಾಳಿ ಬೆರೆಯಲೆಂದು. ಓಣಿಯಲ್ಲಿ ಸಮುದ್ರ ನೋಡದವರೇ ಹೆಚ್ಚು. ಒಬ್ಬೊಬ್ಬರಾಗಿ ನಮ್ಮ ಪಡಸಾಲೆಗೆ ಬಂದು ಜಾಡಿಯ ಮುಂದೆ ಕೂಡುತ್ತಿದ್ದರು.

ತೊಡಕು ಬಂದದ್ದು ಊಟದಿಂದ. ರೊಟ್ಟಿಯ ಚೂರು ಹಾಕಿದರೆ ನೀರು ಕೆಡುತ್ತಿತ್ತು. ಆಪಾ ಒಂದು ಚಿಟಿಕೆ ಒಣ ಸೀಗಡಿ ಪುಡಿ ಕೊಟ್ಟಳು. ಅದು ಅವಕ್ಕೆ ಚೆನ್ನಾಗಿ ಒಗ್ಗಿತು. ಆದರೆ ಅದರ ವಾಸನೆ ಓಣಿ ದಾಟಿ, ಊರು ದಾಟಿ, ಬಬಲೇಶ್ವರ ಮುಟ್ಟಿತು.

ದೊಡ್ಡ ಮಾವ ಬಂದದ್ದು ಒಂದು ಮಧ್ಯಾಹ್ನ. ನಾನು ತಂಬಿಗೆಯಲ್ಲಿ ನೀರು ತಂದಿಟ್ಟೆ. ಅವರು ಮುಟ್ಟಲಿಲ್ಲ.

"ಮೀನದ ನಾತ ಹೊಡಿಯೂ ಮನ್ಯಾಗ ನೀರು ಹ್ಯಾಂಗ ಕುಡೀಲಿ?" ಎಂದರು.

"ಕುಡೀಬ್ಯಾಡ್ರಿ," ಎಂದರು ಅತ್ತೆ. "ಆದ್ರ ಅದು ಬಿಸಿಲು ಇಳಿಸಿದ ನೀರೈತ್ರಿ. ಸೂರ್ಯ ಒಬ್ಬನ ಬಿಟ್ರ ಯಾರೂ ಮುಟ್ಟಿಲ್ಲ. ಇದಕ್ಕಿಂತ ಶುದ್ಧ ನೀರು ನಿಮ್ಮ ಊರಾಗ ಇದ್ರ ತಂದು ತೋರಸ್ರಿ."

ದೊಡ್ಡ ಮಾವನ ಮುಖ ಕೆಂಪಗಾಯಿತು. "ಗಂಡ ಸತ್ತಾಕಿ ಮೂಲ್ಯಾಗ ಕುಂತು ಶಿವಾ ಅನ್ನೂದು ಬಿಟ್ಟು ಏಡಿ ಸಾಕತಾಳ. ಕುಲದ ಮಾನ ಹರಾಜಿಗೆ ಇಟ್ಟೀದಿ. ಆ ಜಾಡಿ ಹೊರಗ ಹೋಗೂ ತನಕ ನಾ ಈ ಹೊಸ್ತಿಲಾ ತುಳಿಯಂಗಿಲ್ಲ."

"ಹಂಗಾದ್ರ ಹೊಸ್ತಿಲಾ ಸವೆಯೂದು ತಪ್ಪಿತು, ಬಿಡ್ರಿ."

ಅವರು ತಲೆಯ ಪಟಕಾ ಸರಿಮಾಡಿಕೊಂಡು ಹೊರಟುಹೋದರು. ನನ್ನ ಗಂಡ ಅಳುಕುತ್ತ, "ಒಂದ್ ಏಡಿ ಸಲವಾಗಿ ದೊಡ್ಡಪ್ಪನ್ನ ಎದುರು ಹಾಕ್ಕೋಬೇಕೇನವ್ವಾ?" ಎಂದ. ಅತ್ತೆ ಸೌಟು ಕೆಳಗಿಟ್ಟರು. "ಏಡಿ ಸಲವಾಗಿ ಅಲ್ಲೋ ತಮ್ಮಾ. ನಿನ್ನ ಸಾಲಿಗೆ ಹಚ್ಚತೇನಿ ಅಂದಾಗೂ ಅವರು ಇದ ದನಿಲೇ ಮಾತಾಡಿದ್ರು. ಅವತ್ತ ನಾ ತಲಿ ಬಗ್ಗಿಸಿದ್ರ ನೀ ಇವತ್ತ ಎಲ್ಲಿ ಇರ್ತಿದ್ದಿ?" ಮರುದಿನ ಅವನು ತಾನೇ ಮಾಳಿಗೆ ಹತ್ತಿ ಗಾಜು ಒರೆಸಿ ಬಂದ.

ಆ ವರ್ಷವೇ ದೊಡ್ಡ ಮಾವನ ಮಗಳ ಮದುವೆ, ತಿಕೋಟಾದಲ್ಲಿ. ನಮಗೆ ಕರೆ ಬರಲಿಲ್ಲ. ಅತ್ತೆಯ ಕೈಯಿಂದ ಯಾರೂ ನೀರು ಮುಟ್ಟಬಾರದೆಂದು ಬಳಗಕ್ಕೆಲ್ಲ ಹೇಳಿಕಳಿಸಿದ್ದಾರೆ ಎನ್ನುವ ಸುದ್ದಿ ಮಾತ್ರ ಬಂತು. ಮದುವೆಯ ದಿನ ಅತ್ತೆ ಇಳಕಲ್ ಸೀರೆ ಉಟ್ಟು, ಬಿಸಿಲಿನ ನೀರಿನ ತಂಬಿಗೆಗೆ ಬಟ್ಟೆ ಬಿಗಿದು ಕೈಯಲ್ಲಿ ಹಿಡಿದರು. "ನಡಿ, ನಾ ಎತ್ತಿ ಆಡಿಸಿದ ಕೂಸಿನ ಮದಿವಿ ಐತಿ. ಅಕ್ಷತಾ ಹಾಕಾಕ ಯಾರ ಅಪ್ಪಣಿ ಬೇಕು?"

ಮದುವೆಯ ಹಂದರದೊಳಗೆ ನಾವು ಬಂದಂತೆ ಹೆಂಗಸರು ಸೆರಗು ಎಳೆದುಕೊಂಡು ಸರಿದು ಕುಳಿತರು. ಅಕ್ಷತೆ ಹಾಕಿದೆವು. ಊಟಕ್ಕೆ ಕುಳಿತಾಗ ನಮ್ಮ ಪಂಕ್ತಿ ಖಾಲಿ. ಎಲೆಗಳಿದ್ದವು, ಜನ ಇಲ್ಲ. ಎದ್ದುಬಿಡೋಣ ಎಂದೆ ನಾನು. ಅತ್ತೆ ನನ್ನ ಮಣಿಕಟ್ಟು ಹಿಡಿದು ಕೂಡಿಸಿದರು. ಆಗ ಒಳಗಿನಿಂದ ದೊಡ್ಡತ್ತೆ ಬಂದರು, ದೊಡ್ಡ ಮಾವನ ಹೆಂಡತಿ, ಮದುಮಗಳ ತಾಯಿ. ಗಂಡನೆದುರು ಅವರು ದನಿಯೆತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಹೊಸ ಸೀರೆಯ ನಿರಿಗೆ ಎತ್ತಿಕೊಂಡು ಅತ್ತೆಯ ಪಕ್ಕ ನೆಲಕ್ಕೆ ಕುಳಿತು, "ತಂಬಿಗಿ ಕೊಡ ಇಲ್ಲೆ," ಎಂದರು. ಬಟ್ಟೆ ಬಿಚ್ಚಿ ಗಟಗಟ ಕುಡಿದರು. ಇಡೀ ಹಂದರ ನೋಡುತ್ತಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು: "ಸಪ್ಪಗೈತಲ್ಲ ಬೇ ನಿನ್ನ ನೀರು."

"ಏನೂ ಇಲ್ಲದ ನೀರಿಗೆ ರುಚಿ ಎಲ್ಲಿಂದ ಬರಬೇಕಕ್ಕಾ?"

ಇಬ್ಬರೂ ನಕ್ಕರು. ನಗು ನಿಲ್ಲದಾಯಿತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಒಬ್ಬ ಮುದುಕಿ ಎದ್ದು ಬಂದು ನಮ್ಮ ಪಂಕ್ತಿಯಲ್ಲಿ ಕುಳಿತಳು, ಅವಳ ಹಿಂದೆ ಅವಳ ಸೊಸೆಯಂದಿರು. ಬಡಿಸುವವರು ನಮ್ಮ ಕಡೆ ಬಂದರು. ದೊಡ್ಡ ಮಾವ ದೂರದಲ್ಲಿ ಕಂಬ ಹಿಡಿದು ನಿಂತವರು, ಬೀಗರ ಕಡೆ ತಿರುಗಿಬಿಟ್ಟರು.

ಗೋಕರ್ಣದಾಂವ ಕೆಲವು ವರ್ಷ ಬಾಳಿದ. ಒಂದು ಮುಂಜಾನೆ ಶಂಖದಿಂದ ಅರ್ಧ ಹೊರಬಿದ್ದು ಮಲಗಿದ್ದ. ನಾನು ಅತ್ತುಬಿಟ್ಟೆ, ಅತ್ತೆ ಅಳಲಿಲ್ಲ. ಅವನನ್ನು ಹಿತ್ತಲಲ್ಲಿ ಮಣ್ಣು ಮಾಡಿ, ಕೈ ತೊಳೆದು, ಎಂದಿನಂತೆ ಮಾಳಿಗೆ ಹತ್ತಿದರು. "ಉಳದಾವ ಅದಾವಲ್ಲ, ಅವಕ್ಕ ನೀರು ಬ್ಯಾಡೇನ?"

ಆ ದಶಕ ಮುಗಿಯುವುದರೊಳಗೆ ಅತ್ತೆಯೂ ಹೋದರು. ಎದೆನೋವು ಎಂದರು, ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಕೊಡಲಿಲ್ಲ. ದೊಡ್ಡ ಮಾವ ಅಂದು ಹೊಸ್ತಿಲು ದಾಟಿ ಬಂದರು. ಹೆಣ ಪಡಸಾಲೆಯಲ್ಲಿತ್ತು. ಮೂಲೆಯ ಜಾಡಿಯ ಕಡೆ ಬೆರಳು ತೋರಿಸಿ, "ಮೊದಲ ಅದನ್ನ ಹೊರಗ ಒಗೀರಿ. ಆಮ್ಯಾಲ ಮುಂದಿನ ಕೆಲಸ," ಎಂದರು. ಗಂಡಸರಿಬ್ಬರು ಎತ್ತಲು ಬಗ್ಗಿದರು.

ಅಲ್ಲಿಯತನಕ ನಾನು ದೊಡ್ಡ ಮಾವನೆದುರು ನಿಂತು ಮಾತಾಡಿದವಳಲ್ಲ. ಜಾಡಿಗೆ ಬೆನ್ನು ಕೊಟ್ಟು ನಿಂತೆ. "ಅದು ಇಲ್ಲೇ ಇರತೈತ್ರಿ. ಅತ್ತಿ ಅವರು ಇಟ್ಟದ್ದನ್ನ ಅತ್ತಿ ಅವರು ಮನ್ಯಾಗ ಇರೂ ತನಕ ಯಾರೂ ಮುಟ್ಟಂಗಿಲ್ಲ. ಮಣ್ಣಿಗೆ ಬಂದೇರಿ, ಮಣ್ಣು ಮಾಡ್ರಿ." ನನ್ನ ದನಿ ಎಷ್ಟು ದೊಡ್ಡದಾಗಿತ್ತೆಂದರೆ ನಾನೇ ಬೆಚ್ಚಿದೆ. ನನ್ನ ಗಂಡ ಬಂದು ನನ್ನ ಪಕ್ಕ ನಿಂತ. ದೊಡ್ಡತ್ತೆ ಹೆಣದ ತಲೆಯ ಹತ್ತಿರ ಕುಳಿತವರು ಏಳಲಿಲ್ಲ. ಬಗ್ಗಿದವರು ನೆಟ್ಟಗಾದರು.

ಅದಾದ ಮೇಲೂ ಕೆಲವು ತಿಂಗಳು ನಾನು ಜಾಡಿ ನೋಡಿಕೊಂಡೆ. ಆಪಾನ ತಮ್ಮ ಕಾರವಾರದ ದಾರಿ ಬಿಟ್ಟಾಗ, ಅವನ ಕೊನೆಯ ಲಾರಿಯಲ್ಲಿ ಉಳಿದ ಜೀವಗಳನ್ನು ಕ್ಯಾನಿಗೆ ಹಾಕಿ ಸಮುದ್ರಕ್ಕೆ ತಿರುಗಿ ಕಳಿಸಿದೆವು. ಓಣಿಯ ಆ ಮನೆ ಈಗಿಲ್ಲ, ಆಪಾ ಇಲ್ಲ. ನನ್ನ ಗಂಡ ಕೂಡ...

ಬಡಿಗ ಗಾಜು ಕೂಡಿಸಿ ಹೋದ ಎರಡು ದಿನಕ್ಕೆ ಬಳಗದಲ್ಲಿ ಒಂದು ಕೂಸಿಗೆ ಹೆಸರಿಡುವ ಕಾರ್ಯ ಇತ್ತು. ಆ ಮನೆಯ ಗೋಡೆಯ ಹಳೆಯ ಫೋಟೋದ ಅಂಚಿನಲ್ಲಿ ಅರ್ಧ ಕಾಣುವ ಎತ್ತರದ ಹೆಂಗಸನ್ನು ತೋರಿಸಿ ಒಬ್ಬ ಹುಡುಗಿ ಇವರು ಯಾರು ಎಂದು ಕೇಳಿದಳು. ದೊಡ್ಡ ಮಾವನ ಮೊಮ್ಮಗ ನಕ್ಕು, "ಅವರಾ? ಏಡಿ ಸಾಕಿದ್ದ ಮುದುಕಿ. ತಲಿ ಒಂದೀಟು ಸೊಟ್ಟ ಇತ್ತಂತ," ಎಂದ. ಸುತ್ತಲಿನವರೂ ನಕ್ಕರು.

ನಾನು ಕೋಲು ಊರಿಕೊಂಡು ಎದ್ದೆ. "ತಲಿ ನೆಟ್ಟಗ ಇತ್ತೋ," ಎಂದೆ. "ಬಗ್ಗಿದ ತಲಿಗೋಳ ನಡುವ ನೆಟ್ಟಗ ಇದ್ದದ್ದು ನಿಮ್ಮವರಿಗೆ ಸೊಟ್ಟ ಕಂಡೈತಿ." ಆ ಹುಡುಗಿ ನನ್ನ ಹತ್ತಿರ ಬಂದು ಕುಳಿತು, ಏಡಿ ಯಾಕೆ ಸಾಕಿದರು ಎಂದು ಕೇಳಿದಳು. ಹೇಳಲು ಬಾಯಿ ತೆರೆದೆ. ಅತ್ತೆಯ ದನಿಯಲ್ಲೇ ಹೇಳಬೇಕೆಂದು ಎಷ್ಟು ಹುಡುಕಿದರೂ ಆ ದನಿ ಕಿವಿಗೆ ಸಿಗಲಿಲ್ಲ. ಅವರಾಡಿದ ಮಾತೆಲ್ಲ ನೆನಪಿದೆ, ದನಿ ಮಾತ್ರ ಹೋಗಿಬಿಟ್ಟಿದೆ. ನನ್ನದೇ ದನಿಯಲ್ಲಿ ಹೇಳಿದೆ, ಸಾಧ್ಯವಾದಷ್ಟು ದೊಡ್ಡದಾಗಿ.